ಪಿಂಗಾಣಿ ಭರಣಿಯ ಸೋಪು

ಸಾಂತೊ ಕ್ರೂಪಿಯ ಮುಂದೆ ಸೋಪಿನ ಮಾತು ಎತ್ತಬಾರದು ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಎತ್ತುತ್ತಿದ್ದರು. ಅವನದೇ ಕ್ಷೌರದ ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಕಣ್ಣು ಮುಚ್ಚಿ, ಏನೂ ಅರಿಯದವರ ಹಾಗೆ ಶುರು ಮಾಡುತ್ತಿದ್ದರು.

"ಅಲ್ಲ ಮೇಸ್ತ್ರಿ, ಆ ಕೋಸಿಮೊ ಅಂಗಡೀಲಿ ಫ್ಲಾರೆನ್ಸಿಂದ ತರಿಸಿದ ಸೋಪಂತಲ್ಲ? ಬಾದಾಮಿ ಅರೆದು ಹಾಕಿರ್ತಾರಂತೆ. ಹಚ್ಚಿದ್ರೆ ಕೆನ್ನೆ ಮಗು ಕೆನ್ನೆ ಆಗೋಗುತ್ತಂತೆ."

"ಬಾದಾಮಿ ಇರೋದು ತಿನ್ನೋಕೆ ಕಣಯ್ಯ," ಎನ್ನುತ್ತಿದ್ದ ಸಾಂತೊ. ಬಟ್ಟಲಿನಲ್ಲಿ ಬ್ರಷ್ಷು ತಿರುಗಿಸುವ ರಭಸ ಅಲ್ಲಿಂದಲೇ ಹೆಚ್ಚುತ್ತಿತ್ತು. "ನೀರು ಬಿಸಿ ಇರ್ಬೇಕು, ಬ್ರಷ್ಷು ನೆಂದಿರ್ಬೇಕು, ಕೈಗೆ ಕೆಲಸ ಗೊತ್ತಿರ್ಬೇಕು. ಇವು ಮೂರೂ ಇಲ್ದೋನು ಬಾದಾಮಿ ಹಾಕ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!"

ಕುರ್ಚಿಯಲ್ಲಿದ್ದವನು ನೊರೆಯೊಳಗೇ ನಗುತ್ತಿದ್ದ. ಸಾಂತೊನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ.

ಯುದ್ಧ ಮುಗಿದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ ಅದು. ಕಲಾಬ್ರಿಯಾದ ದಕ್ಷಿಣ ತುದಿಯ ಆ ಊರಿಗೆ ಮುಂದೆ ಸಮುದ್ರ, ಹಿಂದೆ ಬೆರ್ಗಮೋಟ್ ತೋಟ. ನಿಂಬೆಯೂ ಅಲ್ಲದ ಕಿತ್ತಳೆಯೂ ಅಲ್ಲದ ಆ ಹಣ್ಣಿನ ಸಿಪ್ಪೆಯಿಂದ ಎಣ್ಣೆ ತೆಗೆಯುವುದೇ ಊರಿನ ಅರ್ಧ ಜನರ ಬದುಕು. ಸಾಂತೊನ ಹೆಂಡತಿ ಪೆಪ್ಪಿನಾ ಕೂಡ ಚಳಿಗಾಲದಲ್ಲಿ ಎಣ್ಣೆ ಗಿರಣಿಗೆ ಹೋಗುತ್ತಿದ್ದಳು. ಸಾಂತೊನದು ತಂದೆಯಿಂದ ಬಂದ ಕ್ಷೌರದ ಅಂಗಡಿ. ಚೌಕದಲ್ಲಿ ಅವನದೊಂದೇ ಅಂಗಡಿ ಇದ್ದಾಗ ಅವನು ಯಾವ ಸೋಪು ಹಚ್ಚುತ್ತಾನೆಂದು ಯಾರೂ ಕೇಳಿದ್ದಿಲ್ಲ. ತಗಡಿನ ಡಬ್ಬಿಯಿಂದ ಒಂದಿಷ್ಟು ಕೆರೆದು, ಬಟ್ಟಲಿಗೆ ಹಾಕಿ, ನೊರೆ ಎಬ್ಬಿಸುತ್ತಿದ್ದ. ಮುಖ ನುಣ್ಣಗಾಗುತ್ತಿತ್ತು. ಅಷ್ಟೇ ತಾನೆ ಬೇಕಾದ್ದು?

ಆಮೇಲೆ ಕೋಸಿಮೊ ಫೋತಿ ಮಿಲಾನಿನಿಂದ ವಾಪಸು ಬಂದ. ಚೌಕದ ಆ ಬದಿಯಲ್ಲಿ ಅಂಗಡಿ ತೆರೆದ. ದೊಡ್ಡ ಕನ್ನಡಿ ಹಾಕಿಸಿದ, ಕನ್ನಡಿಯ ಮುಂದೆ ನೀಲಿ ಗೆರೆಯ ಬಿಳಿ ಪಿಂಗಾಣಿ ಭರಣಿಗಳನ್ನು ಸಾಲಾಗಿ ಇಟ್ಟ. ಕ್ಷೌರಕ್ಕೆ ಇಮ್ಮಡಿ ದರ. ಒಬ್ಬನೂ ಹೋಗುವುದಿಲ್ಲವೆಂದು ಸಾಂತೊ ಪಂಥ ಕಟ್ಟಿದ್ದ. ಮೊದಲು ಪಾದ್ರಿಗಳು ಹೋದರು, ಆಮೇಲೆ ಔಷಧದಂಗಡಿಯವರು, ಆಮೇಲೆ ಸಾಂತೊನ ಸ್ವಂತ ಷಡ್ಡಕ. ನನ್ನನ್ನು ಕೇಳಿದರೆ ಷಡ್ಡಕ ಹೋದದ್ದೇ ಅವನಿಗೆ ಹೆಚ್ಚು ಉರಿಸಿದ್ದು.

ಹೀಗಿರುವಾಗ ಈಸ್ಟರ್ ಕಳೆದ ಮೇಲೆ ಲೇಯೊ ನುಚೇರಾನ ಮದುವೆ ನಿಶ್ಚಯವಾಯಿತು. ಲೇಯೊ ಮೂರು ವರ್ಷ ಹಡಗಿನಲ್ಲಿ ದುಡಿದು ಬಂದವನು. ಮದುವೆಯ ಬೆಳಿಗ್ಗೆ ವರನ ಮನೆಗೆ ಹೋಗಿ ಕ್ಷೌರ ಮಾಡುವವನು ತಂದೆಗೆ ಮಾಡಿದವನೇ ಆಗಿರಬೇಕು. ಅದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಲೇಯೊನ ತಂದೆಗೆ ಸಾಂತೊ ಮದುವೆಯ ದಿನವೂ ಮಾಡಿದ್ದ, ಶವಪೆಟ್ಟಿಗೆಯಲ್ಲಿ ಮಲಗಿಸುವ ದಿನವೂ ಮಾಡಿದ್ದ. ಲೇಯೊನ ಮೊದಲ ಮೀಸೆಯೂ ಅವನ ಕತ್ತಿಗೇ ಸಿಕ್ಕಿದ್ದು. ಆದ್ದರಿಂದ ಲೇಯೊನ ತಾಯಿ ದೊನ್ನಾ ಫಿಲೊಮೆನಾ ಅಂಗಡಿಯ ಹೊಸಿಲಾಚೆ ಬಂದು ನಿಂತಾಗ ಸಾಂತೊ ಕೈ ಒರೆಸಿಕೊಂಡು ಹಿಗ್ಗಿನಿಂದಲೇ ಹೊರಗೆ ಬಂದ.

"ಶನಿವಾರ ಬೆಳಿಗ್ಗೆ ನೀವೇ ಬರ್ಬೇಕು ಮೇಸ್ತ್ರಿ," ಎಂದಳು ಆಕೆ.

"ಇದನ್ನ ಬೇರೆ ಕೇಳ್ಬೇಕಾ ದೊನ್ನಾ ಫಿಲೊಮೆನಾ?"

"ಆದ್ರೆ ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ. ಸೋಪು ಮಾತ್ರ ಆ ಪಿಂಗಾಣಿ ಭರಣೀದು ತನ್ನಿ. ಬೀಗರ ಕಡೆಯೋರು ಬಂದು ಕೂತಿರ್ತಾರೆ. ತಗಡಿನ ಡಬ್ಬಿ ನೋಡಿದ್ರೆ ಏನಂದ್ಕೋತಾರೆ?"

ಸಾಂತೊ "ಆಯ್ತು" ಎಂದ. ಒಳಗೆ ಬಂದು, ಯಾರೂ ಕೂತಿಲ್ಲದ ಕುರ್ಚಿಯನ್ನು ಒದ್ದ. ಕೋಸಿಮೊನ ಬಾಗಿಲಿಗೆ ಹೋಗಿ "ಒಂದು ಭರಣಿ ಕೊಡಪ್ಪ" ಎನ್ನುವ ಬದಲು ತನ್ನ ಮೂಗನ್ನೇ ಕೊಯ್ದುಕೊಂಡಾನು, ಅಂಥ ಮನುಷ್ಯ. ಆದರೆ ಮೂಗು ಕೊಯ್ದುಕೊಳ್ಳುವ ಮೊದಲೇ ಅವನಿಗೊಂದು ಉಪಾಯ ಹೊಳೆಯಿತು. ಆ ಉಪಾಯ ಹೊಳೆಯದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಪಾದ್ರಿಗಳ ಮನೆಯ ಅಡುಗೆಯವಳು ಕೋಸಿಮೊನ ಸೋಪು ಖಾಲಿಯಾದ ಭರಣಿಗಳಲ್ಲಿ ಉಪ್ಪು ತುಂಬಿಡುತ್ತಿದ್ದಳು. ಅವಳಿಂದ ಒಂದನ್ನು ಬೇಡಿ ತಂದ. ತನ್ನ ತಗಡಿನ ಡಬ್ಬಿಯ ಸೋಪನ್ನೇ ತುರಿದ, ಬಿಸಿನೀರಿನ ಮೇಲಿಟ್ಟು ಕರಗಿಸಿದ, ಬಾದಾಮಿ ಅರೆದು ಬೆರೆಸಿದ. ಕಪಾಟಿನಲ್ಲಿ ಪೆಪ್ಪಿನಾ ಇಟ್ಟಿದ್ದ ಬೆರ್ಗಮೋಟ್ ಎಣ್ಣೆಯ ಸೀಸೆ ಇತ್ತು. ಗಾಯಕ್ಕೆ, ಹೊಟ್ಟೆನೋವಿಗೆ ಎಲ್ಲರ ಮನೆಯಲ್ಲೂ ಒಂದು ಇರುತ್ತದೆ. ಅದನ್ನು ಸೋಪಿಗೆ ಬಗ್ಗಿಸಿದ. ಪರಿಮಳ ಬಂತು, ಇನ್ನಷ್ಟು ಬಗ್ಗಿಸಿದ. ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ತನ್ನ ಕೆನ್ನೆಗೇ ಹಚ್ಚಿ ನೋಡಿದ. ಬೆಣ್ಣೆಯಂಥ ನೊರೆ. ಮುಖಕ್ಕೆ ಏನೂ ಆಗಲಿಲ್ಲ.

ಅವನ ಲೆಕ್ಕಾಚಾರ ಸುಲಭದ್ದು. ಮದುವೆ ಮನೆಯವರೆಲ್ಲ ಹೊಗಳಲಿ. ಒಂದು ವಾರ ಊರೆಲ್ಲ ಹೊಗಳಲಿ. ಆಮೇಲೆ ಚೌಕದ ನಡುವೆ ನಿಂತು, "ನೀವು ಹೊಗಳಿದ್ದು ನನ್ನ ತಗಡಿನ ಡಬ್ಬಿ ಸೋಪನ್ನ ಕಣ್ರಪ್ಪಾ" ಎಂದು ಹೇಳಿ ಕೋಸಿಮೊನ ಮುಖ ನೋಡುವುದು. ಆ ಮುಖವನ್ನು ನೆನೆನೆನೆದು ಅವನು ಒಬ್ಬನೇ ನಗುತ್ತಿದ್ದ.

ಶನಿವಾರ ಎಲ್ಲವೂ ಅವನು ಅಂದುಕೊಂಡ ಹಾಗೆಯೇ ನಡೆಯಿತು. ಕಿಟಕಿಯ ಪಕ್ಕ ಲೇಯೊನನ್ನು ಕೂರಿಸಿ, ಎಲ್ಲರಿಗೂ ಕಾಣುವಂತೆ ಭರಣಿಯ ಮುಚ್ಚಳ ತೆಗೆದ. ಕೋಣೆಯ ತುಂಬ ಪರಿಮಳ. ಮದುಮಗಳ ಅಣ್ಣ ಬ್ರೂನೊ, ದನದ ವ್ಯಾಪಾರಿ, ಯಾವುದನ್ನೂ ಒಂದೇ ಸಲಕ್ಕೆ ನಂಬದವನು, ಹತ್ತಿರ ಬಂದು ಮೂಸಿ ನೋಡಿದ.

"ಇದೇ ಅಲ್ವಾ ಕೋಸಿಮೊನ ಸೋಪು? ಕಾಸಿಗೆ ತಕ್ಕ ಕಜ್ಜಾಯ ಬಿಡಿ."

ಸಾಂತೊ ತುಟಿ ಕಚ್ಚಿ ನಗು ನುಂಗಿದ. ಕತ್ತಿ ಎರಡು ಸಲ ಓಡಿತು, ಲೇಯೊನ ಮುಖ ಕನ್ನಡಿಯಾಯಿತು. ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸುವ ಹೊತ್ತಿಗೆ ಸಾಂತೊನ ಒಳಗಿನ ಜಂಬ ಇನ್ನೊಂದು ಕೆಲಸ ಮಾಡಿಸಿತು. ಪರಿಮಳ ಚರ್ಚಿನವರೆಗೂ ಉಳಿಯಲಿ ಎಂದು ಬೆರಳಲ್ಲಿ ಒಂದಿಷ್ಟು ಸೋಪನ್ನು ತೆಗೆದು ಎರಡೂ ಕೆನ್ನೆಗಳಿಗೆ ತೆಳ್ಳಗೆ ತಿಕ್ಕಿ ಹಾಗೇ ಬಿಟ್ಟ.

ಚರ್ಚು ಗುಡ್ಡದ ಮೇಲಿದೆ. ಮೋಡವಿಲ್ಲದ ಆಕಾಶ. ದಿಬ್ಬಣ ಮೆಲ್ಲಗೆ ಹತ್ತಿತು, ಮನೆಮನೆಯ ಮುಂದೆ ನಿಂತಿತು, ಗೋಧಿಕಾಳು ಎರಚಿಸಿಕೊಂಡಿತು. ವರನ ತಲೆಯ ಮೇಲೆ ಟೋಪಿ ಇರಲಿಲ್ಲ.

ಅಂದು ಮನೆಗೆ ಬಂದ ಮೇಲೆ ಪೆಪ್ಪಿನಾ ಗಂಡನ ಕೋಟು ತೆಗೆದುಕೊಳ್ಳುತ್ತ ಅವನ ಬೆರಳು ಹಿಡಿದು ಮೂಸಿದಳು.

"ನನ್ನ ಸೀಸೆ ಅರ್ಧ ಆಗಿದ್ದು ಯಾಕೇಂತ ಈಗ ಗೊತ್ತಾಯ್ತು. ಎಲ್ಲಿಗೆ ಹಾಕಿದೆ?"

ಸಾಂತೊ ನಗುತ್ತಲೇ ಎಲ್ಲ ಹೇಳಿದ. ಅವಳು ನಗಲಿಲ್ಲ.

"ಹಚ್ಚಿ ಬಿಸಿಲಿಗೆ ಕಳಿಸಿದೆಯಾ ಅವನನ್ನ?"

"ಮದುವೆ ಅಂದ್ಮೇಲೆ ಹೋಗ್ದೆ ಇರ್ತಾನಾ?"

"ಎಣ್ಣೆ ತಾಗಿದ ದಿನ ಕೈ ಬಿಸಿಲಿಗೆ ಒಡ್ಡಬಾರ್ದು ಅಂತ ನಿಂಗೆ ಗೊತ್ತಿಲ್ವಾ? ಗಿರಣಿ ಹೆಂಗಸ್ರೆಲ್ಲ ತೋಳು ಮುಚ್ಕೊಂಡು ಮನೆಗೆ ಬರೋದು ಚೆಂದಕ್ಕೆ ಅಂದ್ಕೊಂಡಿದೀಯಾ? ಮರೆತು ಬಂದೋಳಿಗೆ ಎರಡು ದಿನ ಬಿಟ್ಟು ಚರ್ಮ ಸುಟ್ಟ ಹಾಗೆ ಕೆಂಪಾಗುತ್ತೆ, ಆಮೇಲೆ ಕಪ್ಪಗೆ ಕೂತ್ಕೊಳುತ್ತೆ."

"ಅದು ಕೈಗೆ ಕಣೇ."

"ಮುಖಕ್ಕೇನು ಬೇರೆ ಚರ್ಮ ಹೊಲಿದಿದಾರಾ?"

"ನಾನೂ ಹಚ್ಕೊಂಡು ನೋಡಿದೀನಿ. ಏನೂ ಆಗ್ಲಿಲ್ಲ."

"ಎಲ್ಲಿ ನೋಡಿದೆ?"

"ಅಂಗಡೀಲಿ."

"ಅಂಗಡೀಲಿ ಸೂರ್ಯ ಹುಟ್ತಾನಾ?" ಎಂದಳು ಪೆಪ್ಪಿನಾ.

ಸಾಂತೊನ ನಗು ಅಲ್ಲಿಗೆ ನಿಂತಿತು. ಗೊತ್ತಿಲ್ಲದ ಸಂಗತಿಯೇನಲ್ಲ. ಹುಟ್ಟಿದಾಗಿನಿಂದ ಕೇಳಿದ್ದ. ಆದರೆ ಅದು ಹೆಂಗಸರ ಕೈಯ ಮಾತು, ಗಿರಣಿಯ ಮಾತು, ಚಳಿಗಾಲದ ಮಾತು ಎಂದು ಮನಸ್ಸಿನ ಬೇರೆ ಮೂಲೆಯಲ್ಲಿ ಇಟ್ಟಿದ್ದ. ಕ್ಷೌರದ ಬಟ್ಟಲಿಗೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದೇ ಇರಲಿಲ್ಲ.

ನಮ್ಮಲ್ಲಿ ಮದುವೆಯಾದವರು ಒಂದು ವಾರ ಮನೆಯಿಂದ ಹೊರಗೆ ಬರುವುದಿಲ್ಲ. ಊಟ ಬಾಗಿಲಿಗೆ ಬರುತ್ತದೆ, ಕಿಟಕಿ ಮುಚ್ಚಿರುತ್ತದೆ. ಮುಂದಿನ ವಾರದ ಭಾನುವಾರ ಇಬ್ಬರೂ ತೋಳಿಗೆ ತೋಳು ಸೇರಿಸಿಕೊಂಡು ಚರ್ಚಿನ ಪೂಜೆಗೆ ಹೊರಡುತ್ತಾರೆ, ಊರು ಬಾಗಿಲಲ್ಲಿ ನಿಂತು ನೋಡುತ್ತದೆ. ಅಲ್ಲಿಯವರೆಗೆ ಲೇಯೊನ ಮುಖ ಹೇಗಿದೆ ಎಂದು ತಿಳಿಯುವ ದಾರಿ ಸಾಂತೊನಿಗೆ ಇರಲಿಲ್ಲ. ಒಂದೇ ಒಂದು ದಾರಿ ಇತ್ತು. ಮಾರನೇ ದಿನ ಮಧ್ಯಾಹ್ನ ಅದೇ ಸೋಪನ್ನು ತನ್ನ ಎಡಗೆನ್ನೆಗೆ ತಿಕ್ಕಿಕೊಂಡು ಮಾಳಿಗೆಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತ. ಪೆಪ್ಪಿನಾ ಕೆಳಗಿನಿಂದ ಬಾಯಿಗೆ ಬಂದಂತೆ ಬೈದಳು. ಅವನು ಏಳಲಿಲ್ಲ.

ಮಂಗಳವಾರ ಕೆನ್ನೆ ಉರಿಯತೊಡಗಿತು. ಬುಧವಾರ ಬೆಳಿಗ್ಗೆ ಸಾಂತೊ ಕನ್ನಡಿಯ ಮುಂದೆ ನಿಂತ. ಬೆರಳು ಎಲ್ಲೆಲ್ಲಿ ಎಳೆದಿತ್ತೋ ಅಲ್ಲೆಲ್ಲ ಪಟ್ಟೆಪಟ್ಟೆಯಾಗಿ ಕೆಂಪು. ಅಂಚಿನಲ್ಲಿ ಆಗಲೇ ಕಂದು ಬಣ್ಣ ಇಳಿಯುತ್ತಿತ್ತು. ತನ್ನ ಕೆನ್ನೆಯಲ್ಲಿ ಅವನು ಲೇಯೊನ ಮುಖವನ್ನು ನೋಡಿದ.

ಗಲ್ಲದಿಂದ ನೆತ್ತಿಗೆ ವಸ್ತ್ರ ಸುತ್ತಿ ಅಂಗಡಿ ತೆರೆದ. ಹಲ್ಲುನೋವು ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಏನೂ ಅನ್ನುವ ಮೊದಲೇ ಗಳಿಗೆಗೊಮ್ಮೆ ಕೆನ್ನೆ ಮುಟ್ಟಿಕೊಳ್ಳುತ್ತಿದ್ದ. ವಾರದ ಮಧ್ಯೆ ಮದುಮಗನಿಂದ ಕ್ಷೌರಕ್ಕೆ ಕರೆ ಬರಬೇಕಿತ್ತು. ಬರಲಿಲ್ಲ. ಮೊಟ್ಟೆ ಕೊಡುವ ನೆಪದಲ್ಲಿ ಪೆಪ್ಪಿನಾಳನ್ನು ಕಳಿಸಿದ. ಅವಳು ಹೋದಷ್ಟೇ ಬೇಗ ಹಿಂದಿರುಗಿದಳು.

"ಬಾಗಿಲು ಒಂದು ಕೈ ಅಗಲ ತೆಗೆದು ಮೊಟ್ಟೆ ಇಸ್ಕೊಂಡ್ಳು ಅಷ್ಟೆ. ದೊನ್ನಾ ಫಿಲೊಮೆನಾ ಕಣ್ಣು ಊದಿದೆ. ಒಳಗೆ ಹುಡುಗಿ ಅಳ್ತಿದಾಳೆ."

"ಬೇರೆ ಏನಾದ್ರೂ ವಿಷಯಕ್ಕಿರಬಹುದು."

"ಹೋಗಿ ಹೇಳ್ಬಾ ಸಾಂತೊ. ಇವತ್ತೇ ಹೇಳ್ಬಾ."

"ವಾರದೊಳಗೆ ಮದುವೆ ಮನೆಗೆ ಯಾರು ಹೋಗ್ತಾರೆ?" ಎಂದ ಸಾಂತೊ. ಅವನಿಗೆ ಹೆದರಿಕೆಯಾಗಿತ್ತು. ಪದ್ಧತಿಯ ಹಿಂದೆ ಅಡಗಿ ಕೂತ.

ಶುಕ್ರವಾರ ಮಾತು ನಲ್ಲಿಕಟ್ಟೆಗೆ ಬಂತು. ಆಮೇಲೆ ಕೇಳಬೇಕೇ? ಲೇಯೊನ ಮುಖದ ತುಂಬ ಕಲೆ ಎದ್ದಿದೆಯಂತೆ. ಮೂರು ವರ್ಷ ಯಾವ ಯಾವ ಬಂದರಿನಲ್ಲಿ ಇಳಿದಿದ್ದನೋ, ಯಾರ ಮನೆಯಲ್ಲಿ ಮಲಗಿದ್ದನೋ. ಕೊಳಕು ಬೇನೆ ಅಂತೆ. ಮುಚ್ಚಿಟ್ಟು ಮದುವೆಯಾದನಂತೆ. ಹುಡುಗಿ ಅಸುಂತಾ ಅವನನ್ನು ಹತ್ತಿರಕ್ಕೂ ಬರಗೊಟ್ಟಿಲ್ಲವಂತೆ. ನಾಳೆ ಬ್ರೂನೊ ತಂಗಿಯನ್ನು ವಾಪಸು ಕರೆದುಕೊಂಡು ಹೋಗುತ್ತಾನಂತೆ. ದೊನ್ನಾ ಫಿಲೊಮೆನಾ ಮಾತ್ರ, "ಬೇನೆಯಲ್ಲ, ಆ ಹಾಳು ದುಬಾರಿ ಸೋಪು" ಎಂದು ಎದೆ ಬಡಿದುಕೊಳ್ಳುತ್ತಿದ್ದಾಳಂತೆ.

ಅಂದು ಸಾಂತೊನ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ. ಎಷ್ಟೋ ತಿಂಗಳಿನಿಂದ ಮುಖ ತೋರಿಸದವರೂ ಬಂದರು. ಷಡ್ಡಕನೂ ಬಂದು ಕುರ್ಚಿಯಲ್ಲಿ ಒರಗಿದ.

"ನೀನ್ ಹೇಳ್ತಾನೇ ಇದ್ದೆ ಸಾಂತೊ. ದುಡ್ಡು ಕೊಟ್ಟು ಮುಖ ಸುಟ್ಕೋಬೇಡ್ರೋ ಅಂತ. ನಾವೇ ಕೇಳ್ಲಿಲ್ಲ. ಇನ್ನು ಆ ಕೋಸಿಮೊ ಗಂಟುಮೂಟೆ ಕಟ್ಕೊಂಡು ಮಿಲಾನಿಗೆ ಹೋದ ಹಾಗೇ."

ಇದೇ ಮಾತನ್ನು ಕೇಳಲು ಸಾಂತೊ ವರ್ಷದಿಂದ ಕಾದಿದ್ದ. ಈಗ ಅದು ಬಂದಿತ್ತು, ತಾನಾಗಿಯೇ, ತಟ್ಟೆಯಲ್ಲಿಟ್ಟ ಹಾಗೆ. ಅವನು ಸುಮ್ಮನಿದ್ದರೆ ಸಾಕು. ಬಾಯಿ ಬಿಡದೆ ನೊರೆ ಎಬ್ಬಿಸುತ್ತಿದ್ದರೆ ಸಾಕು. ವಾದವೂ ಗೆದ್ದಂತೆ, ಗಿರಾಕಿಗಳೂ ಮರಳಿದಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆ ಕೋಸಿಮೊನೇ ಆಗಿದ್ದರೆ ಯಾರಿಗೇನು ನಷ್ಟ? ಈ ಯೋಚನೆ ಅವನ ತಲೆಗೆ ಬರಲಿಲ್ಲವೆಂದರೆ ಸುಳ್ಳು. ಬಂತು, ಕೂತಿತು, ಸಂಜೆಯವರೆಗೂ ಕೂತಿತ್ತು. ಷಡ್ಡಕನ ಗದ್ದಕ್ಕೆ ಕತ್ತಿ ತಗಲಿ ರಕ್ತ ಬಂತು. ಅಷ್ಟು ವರ್ಷಗಳಲ್ಲಿ ಅವನ ಕೈ ಹಾಗೆ ತಪ್ಪಿದ್ದಿಲ್ಲ.

ಶನಿವಾರ ಬೆಳಿಗ್ಗೆ ಬ್ರೂನೊ ಇಬ್ಬರು ಸೋದರಸಂಬಂಧಿಗಳ ಜೊತೆ ಚೌಕಕ್ಕೆ ಬಂದ. ಮೊದಲು ನುಗ್ಗಿದ್ದು ಕೋಸಿಮೊನ ಅಂಗಡಿಗೆ. ಜನ ಸೇರಿತು. ಸಾಂತೊ ತನ್ನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ.

"ಏನ್ ಮಾರ್ತಾ ಇದೀಯೋ ನೀನು ಆ ಭರಣೀಲಿ? ನಮ್ಮ ತಂಗಿ ಗಂಡನ ಮುಖ ನೋಡಿದೀಯಾ?"

ಕೋಸಿಮೊ ಸಣ್ಣ ಆಳು, ಮುಖ ಬಿಳಿಚಿತ್ತು. ಆದರೂ ಹಿಂದೆ ಸರಿಯಲಿಲ್ಲ. ಒಂದು ಭರಣಿ ಎತ್ತಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ, ಬಿಸಿಲಲ್ಲಿ ನಿಂತು, ತನ್ನ ಎರಡೂ ಕೆನ್ನೆಗೆ ಸೋಪು ಬಳಿದುಕೊಂಡ.

"ನೋಡ್ಕೊಳ್ರಿ. ದಿನಾ ಹಚ್ಕೋತೀನಿ. ಪಾದ್ರಿಗಳು ಹಚ್ಕೋತಾರೆ. ಇಲ್ಲಿ ನಿಂತಿರೋರಲ್ಲಿ ಅರ್ಧ ಜನ ಹಚ್ಕೊಂಡಿದೀರಿ. ಯಾರ ಮುಖಕ್ಕಾದ್ರೂ ಒಂದು ಚುಕ್ಕೆ ಆಗಿದ್ರೆ ಮುಂದೆ ಬರ್ಲಿ."

ಯಾರೂ ಮುಂದೆ ಬರಲಿಲ್ಲ. ಬ್ರೂನೊ ಜನರ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಮೆಲ್ಲಗೆ ತಲೆಯಾಡಿಸಿದ.

"ಸರಿ. ಹಾಗಾದ್ರೆ ಸೋಪಲ್ಲ," ಎಂದ. "ಏನು ಅಂತ ಈಗ ಗೊತ್ತಾಯ್ತಲ್ಲ. ನಡೀರಿ, ತಂಗೀನ ಕರ್ಕೊಂಡು ಬರೋಣ."

ಮೂವರೂ ನುಚೇರಾ ಮನೆಯ ಓಣಿಗೆ ತಿರುಗಿದರು. ಕೋಸಿಮೊ ಉಳಿದ. ಆದರೆ ಅವನು ಉಳಿದ ರೀತಿಯಲ್ಲೇ ಲೇಯೊ ಮುಳುಗಿದ. ಸಾಂತೊನಿಗೆ ಅದು ಅರ್ಥವಾದ ಗಳಿಗೆಯಲ್ಲೇ ಅವನ ಕಾಲು ಚೌಕ ದಾಟುತ್ತಿತ್ತು. ಸೊಂಟಕ್ಕೆ ಕಟ್ಟಿದ್ದ ಕೆಲಸದ ಬಟ್ಟೆ ಬಿಚ್ಚಲಿಲ್ಲ, ಅಂಗಡಿಯ ಬಾಗಿಲು ಹಾಕಲಿಲ್ಲ. ಓಣಿಯ ಏರಿನಲ್ಲಿ ಏದುಸಿರು ಬಿಡುತ್ತ ಬ್ರೂನೊನ ತೋಳು ಹಿಡಿದ.

"ನಿಲ್ಲಪ್ಪ. ಅದು ಕೋಸಿಮೊನ ಸೋಪಲ್ಲ. ನನ್ನದು. ನಾನೇ ಮಾಡಿ ಆ ಭರಣಿಗೆ ತುಂಬಿದ್ದೆ. ಬೆರ್ಗಮೋಟ್ ಎಣ್ಣೆ ಸುರಿದಿದ್ದೆ."

ಬ್ರೂನೊ ತೋಳು ಬಿಡಿಸಿಕೊಂಡ.

"ಮೇಸ್ತ್ರಿ, ಆ ಹುಡುಗನ ಅಪ್ಪ ನಿಮ್ಮ ಸ್ನೇಹಿತನಾಗಿದ್ದ. ಅವನನ್ನ ಉಳಿಸೋಕೆ ಹೇಳ್ತಿದೀರಿ. ನನ್ಗೇನು ಕಿವಿಗೆ ಹೂ ಇಡ್ತೀರಾ?"

ಸಾಂತೊ ತಲೆಗೆ ಸುತ್ತಿದ್ದ ವಸ್ತ್ರವನ್ನು ಎಳೆದು ಬಿಸಾಡಿದ. ನಾಲ್ಕು ದಿನದ ಕುರುಚಲು ಗಡ್ಡದ ಅಡಿಯಲ್ಲಿ ಕಂದು ಪಟ್ಟೆಗಳು ಎದ್ದು ಕಂಡವು. ಬ್ರೂನೊ ನೋಡಿದ. ಸಾಂತೊನ ರಟ್ಟೆ ಹಿಡಿದು ಎಳೆದುಕೊಂಡೇ ಹೋಗಿ ನುಚೇರಾ ಮನೆಯ ಬಾಗಿಲು ಬಡಿದ.

ಒಳಗೆ ಕತ್ತಲೆ. ಬಾಗಿಲ ಬಳಿ ಅಸುಂತಾ ಗಂಟು ಕಟ್ಟಿಕೊಂಡು ಸಿದ್ಧವಾಗಿ ಕೂತಿದ್ದಳು. ಲೇಯೊ ಹಿಂದಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿದ್ದ. ಸಾಂತೊ ನಿಂತಲ್ಲೇ ಎಲ್ಲವನ್ನೂ ಹೇಳಿದ. ಉಪ್ಪಿನ ಭರಣಿ, ಬೆರಳಲ್ಲಿ ತಿಕ್ಕಿದ್ದರಿಂದ ಹಿಡಿದು ಬುಧವಾರ ತನ್ನ ಕೆನ್ನೆ ಕೆಂಪೆದ್ದದ್ದರವರೆಗೆ, ಒಂದನ್ನೂ ಬಿಡದೆ. ದೊನ್ನಾ ಫಿಲೊಮೆನಾ ನಡುವೆ ಒಮ್ಮೆ "ಅಯ್ಯೋ ಮೇಸ್ತ್ರಿ" ಎಂದು ಕುಸಿದು ಕೂತಳು.

ಅಸುಂತಾ ಎದ್ದು ಕಿಟಕಿಯ ಬಾಗಿಲು ತೆರೆದಳು. ಲೇಯೊನ ಕೈ ಹಿಡಿದು ತಂದು ಬೆಳಕಿಗೆ ನಿಲ್ಲಿಸಿದಳು. ಪಕ್ಕದಲ್ಲಿ ಸಾಂತೊನನ್ನು ನಿಲ್ಲಿಸಿದಳು. ಎರಡು ಮುಖಗಳನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಪಟ್ಟೆಗಳು ಒಂದೇ ತರಹ ಇದ್ದವು. ಎಳೆದ ಬೆರಳೂ ಒಂದೇ ಆಗಿತ್ತಲ್ಲ. ಅಷ್ಟಕ್ಕೂ ನಂಬಿಕೆ ಸಾಲದೆ, ಹೆಬ್ಬೆರಳಿಗೆ ಎಂಜಲು ಹಚ್ಚಿ ಸಾಂತೊನ ಕೆನ್ನೆಯನ್ನು ಗಸಗಸ ಉಜ್ಜಿದಳು. ಬಣ್ಣ ಬಳಿದುಕೊಂಡು ಬಂದಿದ್ದಾನೋ ಎಂದು. ಸಾಂತೊನಿಗೆ ಉರಿಯಲ್ಲಿ ಕಣ್ಣು ತುಂಬಿತು. ಕದಲಲಿಲ್ಲ.

"ಹೋಗುತ್ತಾ ಇದು?" ಎಂದು ಕೇಳಿದಳು.

"ಹೋಗುತ್ತೆ ತಾಯಿ. ಬೇಸಿಗೆ ಕಳೆಯೋಷ್ಟರಲ್ಲಿ ಹೋಗುತ್ತೆ. ಅಲ್ಲೀವರ್ಗೂ ಬಿಸಿಲಿಗೆ ಮುಖ ಮುಚ್ಕೋಬೇಕು. ಬೇನೆ ಅಲ್ಲ. ನನ್ನ ತಾಯಾಣೆ ಬೇನೆ ಅಲ್ಲ."

ಲೇಯೊ ಆಗ ಮೊದಲ ಸಲ ಬಾಯಿ ತೆರೆದ.

"ಬೇನೆ ಅಂತ ನಾನೇ ನಂಬಿದ್ದೆ ಮೇಸ್ತ್ರಿ. ಇವಳಿಗೆ ಆಣೆ ಇಟ್ಟು ಹೇಳ್ತಿದ್ದೆ, ಏನೂ ಮಾಡಿಲ್ಲ ಅಂತ. ಆದ್ರೆ ಕನ್ನಡಿ ನೋಡಿದಾಗೆಲ್ಲ, ಎಲ್ಲಿಂದ ಅಂಟಿಸ್ಕೊಂಡು ಬಂದ್ನೋ ಅಂತ ನನಗೆ ನಾನೇ ಅನುಮಾನ ಪಟ್ಟೆ. ನಿಮಗೆ ಬುಧವಾರಾನೇ ಗೊತ್ತಿತ್ತಲ್ಲ."

"ಗೊತ್ತಿತ್ತು," ಎಂದ ಸಾಂತೊ.

ಅಸುಂತಾ ಗಂಟನ್ನು ಮಂಚದ ಕೆಳಗೆ ತಳ್ಳಿದಳು. ಅಣ್ಣನ ಕಡೆ ತಿರುಗಿ, "ನೀನು ಮನೆಗೆ ಹೋಗು ಬ್ರೂನೊ," ಎಂದಳು. ಆಮೇಲೆ ಸಾಂತೊನಿಗೆ ಹೇಳಿದಳು:

"ನಾಳೆ ನಾವು ಪೂಜೆಗೆ ಹೊರಡ್ತೀವಿ. ನೀವು ನಮ್ಮ ಮುಂದೆ ನಡೀಬೇಕು. ಗಡ್ಡ ತೆಗೆಸ್ಕೊಂಡು ಬನ್ನಿ. ಕೆನ್ನೆ ಎಲ್ಲರ್ಗೂ ಕಾಣ್ಬೇಕು. ಕೇಳಿದೋರಿಗೆಲ್ಲ ನೀವೇ ಬಾಯ್ಬಿಟ್ಟು ಹೇಳ್ಬೇಕು. ನಾನಾಗ್ಲಿ ಇವರಾಗ್ಲಿ ಹೇಳೋದಿಲ್ಲ."

ಹತ್ತೊಂಬತ್ತರ ಹುಡುಗಿ. ನ್ಯಾಯಾಧೀಶರೂ ಹಾಗೆ ತೀರ್ಪು ಕೊಡಲಾರರು.

ಭಾನುವಾರ ಬೆಳಿಗ್ಗೆ ಸುಟ್ಟ ಚರ್ಮದ ಮೇಲೆ ತಾನೇ ಕತ್ತಿ ಆಡಿಸಿಕೊಳ್ಳಲು ಸಾಂತೊನಿಂದ ಆಗಲಿಲ್ಲ. ಊರಿನಲ್ಲಿ ಇನ್ನೊಂದೇ ಕೈ ಇದ್ದದ್ದು. ಅವನು ಚೌಕ ದಾಟಿದ. ಕೋಸಿಮೊ ಬಾಗಿಲು ತೆರೆಯುತ್ತಿದ್ದವನು ಹಾಗೇ ನಿಂತ. ಓಣಿಯಲ್ಲಿ ಆಡಿದ ಮಾತು ಅವನ ಕಿವಿಗೆ ಆಗಲೇ ಬಿದ್ದಿತ್ತು.

"ನನ್ನ ಭರಣೀಲಿ ನಿಮ್ಮ ಪಾಪ ತುಂಬಿದ್ರಿ," ಎಂದ.

"ತುಂಬ್ದೆ."

"ನಿನ್ನೆ ನನ್ನ ಅಂಗಡಿಗೆ ಬೆಂಕಿ ಬೀಳೋದ್ರಲ್ಲಿತ್ತು. ನೀವು ಬಾಗಿಲಲ್ಲಿ ನಿಂತು ನೋಡ್ತಿದ್ರಿ."

"ನೋಡ್ತಿದ್ದೆ."

ಕೋಸಿಮೊ ಕುರ್ಚಿಯ ಮೇಲೆ ಟವೆಲ್ಲು ಬಡಿದು, "ಕೂತ್ಕೊಳ್ಳಿ," ಎಂದ.

ಸಾಂತೊ ಹರೆಯಕ್ಕೆ ಬಂದಾಗಿನಿಂದ ಇನ್ನೊಬ್ಬನ ಕತ್ತಿಗೆ ಕುತ್ತಿಗೆ ಕೊಟ್ಟವನಲ್ಲ. ನೊರೆ ಕೆನ್ನೆಗೆ ತಾಗಿತು. ತಣ್ಣಗೆ, ದಪ್ಪಗೆ ಕೂತಿತು. ಉರಿ ಸ್ವಲ್ಪ ತಗ್ಗಿತು. ಕೋಸಿಮೊ ಬೆರಳಲ್ಲಿ ಚರ್ಮವನ್ನು ಎಳೆಯದೆ, ಕತ್ತಿಯ ಭಾರವಷ್ಟನ್ನೇ ಬಿಟ್ಟು, ಪಟ್ಟೆಗಳ ಮೇಲೆ ಒಂದು ಗೀರೂ ಆಗದಂತೆ ಇಳಿಸಿದ. ಹೊರಗೆ ಜನ ಇಣುಕುತ್ತಿದ್ದರು.

"ಈಗ ಹೇಳಿ ಮೇಸ್ತ್ರಿ. ಇದಕ್ಕೆ ಕೊಡೋ ದುಡ್ಡು ದಂಡ ಹೌದೋ ಅಲ್ವೋ?"

ಸಾಂತೊ ಕಣ್ಣು ತೆರೆಯದೆ ಯೋಚಿಸಿದ. ಸೋತೆನೆಂಬ ಒಂದೇ ಕಾರಣಕ್ಕೆ ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

"ನುಣುಪಿಗೆ ಅಂದ್ರೆ ದಂಡ ಕಣಯ್ಯ. ನುಣುಪೆಲ್ಲ ನಿನ್ನ ಕೈದು. ನನ್ನ ತಗಡಿನ ಡಬ್ಬಿ ಕೊಟ್ರೂ ನೀನು ಹೀಗೇ ಮಾಡ್ತೀಯ." ಹಾಗೆಂದವನು ಸೇರಿಸಿದ: "ಆದ್ರೆ ಇದನ್ನ ಕುದಿಸಿದೋನಿಗೆ ಒಳಗೆ ಏನ್ ಹಾಕಿದೀನಿ ಅಂತ ಗೊತ್ತಿದೆ. ಅದಕ್ಕೆ ಎಷ್ಟು ಕೊಟ್ರೂ ಕಡಿಮೆ."

ಕೋಸಿಮೊ ಮುಖ ಒರೆಸಿದ. ಎರಡು ಸಲ ತೊಳೆದ. ಮೂರನೇ ಸಲವೂ ತೊಳೆದ.

ಚರ್ಚಿನ ಗಂಟೆ ಬಾರಿಸಿದಾಗ ನುಚೇರಾ ಮನೆಯ ಬಾಗಿಲು ತೆರೆಯಿತು. ಲೇಯೊ ಅಗಲ ಅಂಚಿನ ಟೋಪಿ ಹಾಕಿದ್ದ. ಅಸುಂತಾ ಅವನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಅವರ ಮುಂದೆ ಸಾಂತೊ, ಬರಿದಲೆಯಲ್ಲಿ. ಬಾಗಿಲು ಬಾಗಿಲಲ್ಲೂ ಹೆಂಗಸರು, ಕಟ್ಟೆಕಟ್ಟೆಯಲ್ಲೂ ಗಂಡಸರು. ಮೊದಲ ತಿರುವಿನಲ್ಲೇ ಒಬ್ಬಳು ಮುದುಕಿ ಕೇಳಿಯೇಬಿಟ್ಟಳು.

"ಮದುಮಗನ ಮುಖಕ್ಕೆ ಏನಾಯ್ತೋ ಸಾಂತೊ?"

"ನನ್ನ ಸೋಪು," ಎಂದ ಸಾಂತೊ. "ನಾನ್ ಮಾಡಿದ್ದು. ನನ್ನ ಕೆನ್ನೆಗೂ ಆಗಿದೆ ನೋಡಿ."

ದನಿ ಸಾಲದೆಂದು ಹಿಂದಿನಿಂದ ಅಸುಂತಾ ಕೆಮ್ಮಿದಳು. ಮುಂದಿನ ಬಾಗಿಲಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದ. ಅದರ ಮುಂದಿನದರಲ್ಲಿ ಕೇಳುವ ಮೊದಲೇ ಹೇಳಿದ. ಕೆಲವರು ನಕ್ಕರು. ಔಷಧದಂಗಡಿಯವರು ತಲೆ ಕೊಡವಿ ಒಳಗೆ ಹೋದರು. ಷಡ್ಡಕ ಬೇರೆ ಕಡೆ ನೋಡಿದ. ಪೆಪ್ಪಿನಾ ತನ್ನ ಮನೆಯ ಮೆಟ್ಟಿಲಿಂದ ಇಳಿದು ಬಂದು, ಯಾರೂ ಕರೆಯದಿದ್ದರೂ, ಗಂಡನ ಪಕ್ಕಕ್ಕೆ ಸೇರಿಕೊಂಡಳು. ಗುಡ್ಡ ಹತ್ತುವಷ್ಟರಲ್ಲಿ ಸಾಂತೊನ ಗಂಟಲು ಒಣಗಿತ್ತು, ಊರಿನಲ್ಲಿ ಗೊತ್ತಿಲ್ಲದವರು ಯಾರೂ ಉಳಿದಿರಲಿಲ್ಲ.

ಚರ್ಚಿನ ಬಾಗಿಲಲ್ಲಿ ಅಸುಂತಾ ಒಳಗೆ ಹೋದಳು. ಲೇಯೊ ಒಂದು ಹೆಜ್ಜೆ ಹಿಂದೆ ಉಳಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೇಸ್ತ್ರಿ, ಒಂದ್ ಮಾತು ಹೇಳಿಬಿಡ್ತೀನಿ. ಇನ್ನು ನಿಮ್ಮ ಕುರ್ಚೀಲಿ ನಾನು ಕೂರಲ್ಲ. ನಾಳೆ ನನಗೆ ಮಗ ಹುಟ್ಟಿ ಅವನಿಗೆ ಮೀಸೆ ಬಂದ್ರೂ ಅವನನ್ನೂ ನಿಮ್ಮ ಹತ್ರ ಕಳಿಸಲ್ಲ."

ಇಷ್ಟು ಹೊತ್ತು ಸಾವಿರ ಮಾತು ನುಂಗಿಕೊಂಡು ಬಂದ ಸಾಂತೊನಿಗೆ ಆಗ ಅಳು ಬಂತು.

"ಹುಟ್ಲಿ ಮಗನೇ," ಎಂದ. "ಮೊದಲು ಹುಟ್ಲಿ."

ಲೇಯೊ ಹೆಂಡತಿಯ ಪಕ್ಕದಲ್ಲಿ ಕೂರಲು ಒಳಗೆ ಹೋದ. ಸಾಂತೊ ಮತ್ತು ಪೆಪ್ಪಿನಾ ಕೊನೆಯ ಸಾಲಿನಲ್ಲಿ ಕೂತರು.